ಉಬ್ಬುನರ ಇರುವ ಹಿರಿಯರ ನಡಿಗೆ: ಪಾದದ ಕೀಲು ಬಿಗಿಯಲು ಬಿಡಬೇಡಿ

ಪ್ರಶ್ನೆ: ನಮ್ಮ ಅಮ್ಮನಿಗೆ 72 ವರ್ಷ. ಇಪ್ಪತ್ತು ವರ್ಷದಿಂದ ಎರಡೂ ಕಾಲಲ್ಲಿ ಉಬ್ಬುನರ ಇದೆ. ಗೆಜ್ಜೆ ಕಟ್ಟುವ ಜಾಗದ ಮೇಲೆ ಚರ್ಮ ಕಪ್ಪಾಗಿ ಮರದ ಹಾಗೆ ಗಟ್ಟಿಯಾಗಿದೆ. ಈಗೊಂದು ವರ್ಷದಿಂದ ಕಾಲು ಎಳೆದು ಹಾಕುತ್ತಾರೆ, ಹೊಸ್ತಿಲಿಗೆ ಎರಡು ಸಲ ಎಡವಿದರು. ನಡೆದಷ್ಟೂ ನರ ಉಬ್ಬುತ್ತದೆ, ಕೂತೇ ಇರಲಿ ಎನ್ನುತ್ತಾರೆ ನೆಂಟರು. ಕೂರಿಸಬೇಕೋ, ನಡೆಸಬೇಕೋ?
– ಓದುಗರು, ಶಿವಮೊಗ್ಗ

ಉತ್ತರ: ನಡೆಸಬೇಕು. ಈ ಕಾಯಿಲೆಯನ್ನು ಹೆಚ್ಚಿಸುವುದು ನಡಿಗೆಯಲ್ಲ. ನಿಂತಲ್ಲೇ ನಿಲ್ಲುವುದು, ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂರುವುದು.

ಕಾಲಿಗೆ ಇಳಿದ ರಕ್ತ ಹೃದಯಕ್ಕೆ ಹಿಂದಿರುಗಬೇಕಾದರೆ ಮೀನಖಂಡ ಅದನ್ನು ಹಿಂಡಿ ಮೇಲೆ ಕಳಿಸಬೇಕು. ಹಿಂಡಿದ ರಕ್ತ ಮತ್ತೆ ಕೆಳಗೆ ಜಾರದಂತೆ ನಾಳದೊಳಗಿನ ಕವಾಟಗಳು ತಡೆಯುತ್ತವೆ. ಅಲುಗಾಡದೆ ನಿಂತವರ ಪಾದದ ಬಳಿ ಅಭಿಧಮನಿಯ (ಹೃದಯಕ್ಕೆ ರಕ್ತ ಹಿಂದಿರುಗಿಸುವ ನಾಳದ) ಒತ್ತಡ ಸುಮಾರು 80ರಿಂದ 90 ಮಿ.ಮೀ. ಪಾದರಸದಷ್ಟು ಇರುತ್ತದೆ. ಕವಾಟ ಸರಿಯಿದ್ದವರು ಹತ್ತು ಹದಿನೈದು ಹೆಜ್ಜೆ ಹಾಕಿದರೆ ಸಾಕು, ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಕೆಟ್ಟವರಲ್ಲಿ ಅಷ್ಟು ಇಳಿಯುವುದಿಲ್ಲ. ವರ್ಷಗಟ್ಟಲೆ ಆ ಒತ್ತಡ ಉಳಿದಾಗ ಸಣ್ಣ ನಾಳಗಳಿಂದ ಕೆಂಪು ರಕ್ತಕಣ ಸೋರಿ, ಅದರ ಕಬ್ಬಿಣ ಚರ್ಮದಲ್ಲಿ ಕೂತು ಕಪ್ಪಾಗುತ್ತದೆ. ಚರ್ಮದಡಿಯ ಕೊಬ್ಬು ಗಟ್ಟಿಯಾಗಿ ಬಿಗಿಯುತ್ತದೆ. ನಿಮ್ಮ ತಾಯಿಯವರದು ಈ ಹಂತ.

ಇಲ್ಲಿಂದ ಮುಂದಿನದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಚರ್ಮ ಬಿಗಿದಂತೆ, ಓಡಾಟ ಕಡಿಮೆಯಾದಂತೆ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಕುಗ್ಗುತ್ತದೆ, ಪಾದದ ಕೀಲು ಮಡಚುವುದು ಕಮ್ಮಿಯಾಗುತ್ತದೆ. ಕೀಲು ಆಡದಿದ್ದರೆ ಮೀನಖಂಡಕ್ಕೆ ಹಿಂಡಲು ಆಗುವುದಿಲ್ಲ. ಒತ್ತಡ ಇನ್ನಷ್ಟು ಏರುತ್ತದೆ. ಅವರು ನಡೆಯುವಾಗ ಪಕ್ಕದಿಂದ ನೋಡಿ: ಹಿಮ್ಮಡಿ ಮೊದಲು ಊರುವ ಬದಲು ಇಡೀ ಪಾದ ಹಲಗೆಯಂತೆ ಒಟ್ಟಿಗೆ ನೆಲಕ್ಕೆ ಬೀಳುತ್ತಿರಬಹುದು. ಕಾಲು ಮುಂದಕ್ಕೆ ಬರುವಾಗ ಬೆರಳ ತುದಿ ಮೇಲೇಳುವುದಿಲ್ಲ. ಹೊಸ್ತಿಲಿಗೆ ತಾಗುವುದು ಅದೇ. ಎಳೆತ ಏಕಾಏಕಿ ಶುರುವಾಗಿದ್ದರೆ, ಅಥವಾ ಕೈಯಲ್ಲೂ ಬಲ ಕುಂದಿದ್ದರೆ ಮಾತ್ರ ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಬರಿಗಾಲಲ್ಲಿ ಗೋಡೆಗೆ ಕೈಕೊಟ್ಟು ನಿಂತು, ಹೆಬ್ಬೆರಳು ಗೋಡೆಯಿಂದ ಎರಡು ಬೆರಳಗಲ ಹಿಂದಿರುವಂತೆ ಪಾದ ಇಡಲಿ. ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗದಿದ್ದರೆ ಕೀಲು ಬಿಗಿದಿದೆ. ಎರಡನೆಯದಕ್ಕೆ, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ. 12 ಸೆಕೆಂಡು ಅಥವಾ ಹೆಚ್ಚಾದರೆ ಬೀಳುವ ಅಪಾಯ ಇದೆ ಎಂದೇ ತಿಳಿದು ಫಿಸಿಯೋಥೆರಪಿಸ್ಟರಿಗೆ ತೋರಿಸಿ.

ವ್ಯಾಯಾಮವನ್ನು ಮಂಚದ ಮೇಲೇ ಶುರುಮಾಡಿ. ಬೆಳಿಗ್ಗೆ ಏಳುವ ಮುಂಚೆ ಎರಡೂ ಪಾದ ಮುಖದ ಕಡೆಗೆ ಎಳೆದು, ಆಮೇಲೆ ದೂರಕ್ಕೆ ಚಾಚಿ: ನಿಧಾನವಾಗಿ 20 ಸಲ. ನಂತರ ಕಾಲು ನೀಡಿ ಕೂತು, ಪಾದದ ಮುಂಭಾಗಕ್ಕೆ ಟವೆಲ್ ಸುತ್ತಿ, ಮೊಣಕಾಲು ಮಡಚದೆ ತಮ್ಮ ಕಡೆ ಎಳೆದುಕೊಳ್ಳಲಿ. 30 ಸೆಕೆಂಡು ಹಿಡಿದು ಬಿಡಬೇಕು, ಕಾಲಿಗೆ ಮೂರು ಸಲ. ಮೀನಖಂಡ ಜಗ್ಗಿದಂತಾಗಬೇಕು, ನೋಯಬಾರದು.

ಮುಖ್ಯವಾದದ್ದು ಹಿಮ್ಮಡಿ ಎತ್ತುವುದು. ಅಡುಗೆಮನೆ ಕಟ್ಟೆ ಹಿಡಿದು ನಿಂತು, ಎರಡು ಎಣಿಸುವಷ್ಟರಲ್ಲಿ ಮೇಲೆ, ಒಂದು ಕ್ಷಣ ನಿಲುಗಡೆ, ಮೂರು ಎಣಿಸುತ್ತ ಕೆಳಗೆ. ಮೊದಲ ವಾರ 8 ಸಲದಂತೆ ಮೂರು ಸುತ್ತು, ನಡುವೆ ಒಂದು ನಿಮಿಷ ಬಿಡುವು. ವಾರಕ್ಕೆ ಎರಡೆರಡು ಹೆಚ್ಚಿಸುತ್ತ ಸುತ್ತಿಗೆ 20ರವರೆಗೆ ಒಯ್ಯಿರಿ. ಕೆಡುವುದು ಎರಡು ಕಡೆ. ಮೊಣಕಾಲು ಮಡಚಿ ಮೇಲಕ್ಕೆ ಪುಟಿದರೆ ಮೀನಖಂಡಕ್ಕೆ ಕೆಲಸವೇ ಆಗುವುದಿಲ್ಲ. ದಬಕ್ಕನೆ ಇಳಿದರೆ ಅರ್ಧ ಲಾಭ ಹೋಯಿತು. ನಿಲ್ಲಲು ಆಗದವರು ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಎರಡು ಕೆ.ಜಿ. ಅಕ್ಕಿಯ ಚೀಲ ಇಟ್ಟುಕೊಂಡು ಇದನ್ನೇ ಮಾಡಬಹುದು.

ನಡಿಗೆ ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ಸಾಕು. ಹಿಂದೆ ಪಟ್ಟಿಯಿಲ್ಲದ ಜಾರುವ ಚಪ್ಪಲಿ ಬೇಡ. ಅದನ್ನು ಹಿಡಿದಿಡಲು ಬೆರಳು ಮಡಚುವವರು ಹಿಮ್ಮಡಿ ಊರಿ ನಡೆಯುವುದೇ ಇಲ್ಲ. ಮಧ್ಯಾಹ್ನ ಮತ್ತು ಸಂಜೆ ಅರ್ಧ ಗಂಟೆ ಮಲಗಿ, ಪಾದ ಎದೆಯ ಮಟ್ಟಕ್ಕಿಂತ ಮೇಲಿರುವಂತೆ ದಿಂಬು ಕೊಡಿ. ಹೃದಯ ವೈಫಲ್ಯ ಇದ್ದು ಮಲಗಿದರೆ ಉಬ್ಬಸ ಬರುವವರು ವೈದ್ಯರನ್ನು ಕೇಳದೆ ಹೀಗೆ ಮಲಗಬಾರದು.

ಪ್ರಶ್ನೆ: ವಯಸ್ಸು 67. ಉಬ್ಬುನರವೂ ಇದೆ, ಮಂಡಿ ಸವೆತವೂ ಇದೆ. ಒಂದು ವರ್ಷದಿಂದ ನರದ ಮಾತ್ರೆ ತಿನ್ನುತ್ತಿದ್ದೇನೆ, ಕಾಲುನೋವು ಹೋಗಿಲ್ಲ. ನೋವು ಯಾವುದರದು?
– ಓದುಗರು, ಹುಬ್ಬಳ್ಳಿ

ಉತ್ತರ: ನಮ್ಮ ಆಡುಮಾತಿನಲ್ಲಿ ರಕ್ತನಾಳವೂ ನರ, ಸ್ಪರ್ಶ ಒಯ್ಯುವ ತಂತುವೂ ನರ. ಈ ಒಂದು ಪದದ ಗೊಂದಲದಲ್ಲಿ ಉಬ್ಬುನರಕ್ಕೆ ಬಿ12 ಮಾತ್ರೆ ನುಂಗುವವರು ಬಹಳ. ಬಿ12 ಕೊರತೆ ಇದ್ದವರಿಗೆ ಅದು ಬೇಕೇ ಬೇಕು. ಕೆಟ್ಟ ಕವಾಟಕ್ಕೆ ಅದರಿಂದ ಏನೂ ಆಗದು.

ನೋವು ಯಾವಾಗ ಬರುತ್ತದೆ, ಏನು ಮಾಡಿದರೆ ಇಳಿಯುತ್ತದೆ ಎಂದು ಒಂದು ವಾರ ಬರೆದಿಡಿ. ಸಂಜೆಯ ಹೊತ್ತಿಗೆ ಕಾಲು ಭಾರವಾಗಿ, ನಾಲ್ಕು ಹೆಜ್ಜೆ ಹಾಕಿದರೆ ಅಥವಾ ಕಾಲು ಮೇಲಿಟ್ಟರೆ ಹಗುರಾಗುವುದು ಉಬ್ಬುನರದ ನೋವು. ಕೂತವರು ಏಳುವಾಗ, ಮೆಟ್ಟಿಲಿಳಿಯುವಾಗ ಚುಚ್ಚುವುದು ಮಂಡಿಯದು. ಇಷ್ಟು ದೂರ ನಡೆದ ಮೇಲೆ ಮೀನಖಂಡ ಹಿಡಿದುಕೊಂಡು, ಸುಮ್ಮನೆ ನಿಂತರೆ ಐದಾರು ನಿಮಿಷದಲ್ಲಿ ಬಿಡುವುದು ಅಪಧಮನಿ (ಹೃದಯದಿಂದ ಕಾಲಿಗೆ ರಕ್ತ ತರುವ ನಾಳ) ಕಟ್ಟಿರುವ ಸೂಚನೆ. ಬೀಡಿ ಸಿಗರೇಟು ಸೇದಿದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ನಿಂತರೂ ಬಿಡದೆ, ಕೂತಾಗ ಅಥವಾ ಮುಂದಕ್ಕೆ ಬಾಗಿದಾಗ ಮಾತ್ರ ಬಿಡುವುದಾದರೆ ಬೆನ್ನುಮೂಳೆ ನೋಡಿಸಿ. ವಯಸ್ಸಾದವರಲ್ಲಿ ಎರಡು ಮೂರು ಒಟ್ಟಿಗೇ ಇರುವುದುಂಟು. ಆ ಚೀಟಿ ಹಿಡಿದು ಹೋದರೆ ವೈದ್ಯರಿಗೂ ಅರ್ಧ ಕೆಲಸ ಹಗುರ.

ಪ್ರಶ್ನೆ: ತಂದೆಗೆ 75, ಸಕ್ಕರೆ ಕಾಯಿಲೆ ಇದೆ. ಉಬ್ಬುನರಕ್ಕೆಂದು ಮೆಡಿಕಲ್ ಅಂಗಡಿಯಲ್ಲಿ ಬಿಗಿ ಸಾಕ್ಸ್ ತಂದೆವು. ಹಾಕಲು ಇಬ್ಬರು ಬೇಕು, ಬಿಸಿಲಿಗೆ ಕಾಲು ಬೇಯುತ್ತದೆ. ಕಪಾಟು ಸೇರಿದೆ.
– ಓದುಗರು, ಬಳ್ಳಾರಿ

ಉತ್ತರ: ಸದ್ಯಕ್ಕೆ ಕಪಾಟಿನಲ್ಲೇ ಇರಲಿ. ಮೊದಲು ಅಪಧಮನಿಯ ಪರೀಕ್ಷೆ ಆಗಬೇಕು. ಪಾದದ ಬಳಿಯ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ ಒಂದು ಅಂಕಿ ತೆಗೆಯುತ್ತಾರೆ. 0.8ರಿಂದ 1.3ರೊಳಗಿದ್ದರೆ ಸಾಕ್ಸ್ ಹಾಕಬಹುದು. 0.5ಕ್ಕಿಂತ ಕಡಿಮೆಯಿದ್ದರೆ ಹಾಕಲೇಬಾರದು, ಪಾದಕ್ಕೆ ಹೋಗುವ ಅಲ್ಪ ರಕ್ತವೂ ನಿಂತೀತು. ಇವೆರಡರ ನಡುವೆ ಇದ್ದರೆ ತಜ್ಞರ ಕಣ್ಗಾವಲಿನಲ್ಲಿ ಕಡಿಮೆ ಬಿಗಿಯದು. ಸಕ್ಕರೆ ಕಾಯಿಲೆಯವರಲ್ಲಿ ಅಪಧಮನಿಗೆ ಸುಣ್ಣ ಕಟ್ಟಿ ಈ ಅಂಕಿ ಸುಳ್ಳೇ ಹೆಚ್ಚು ಬರಬಹುದು, 1.3 ದಾಟಿದರೆ ಕಾಲ್ಬೆರಳಿನ ಒತ್ತಡ ನೋಡಬೇಕು. ಪಾದದ ಸ್ಪರ್ಶ ಕಳೆದುಕೊಂಡವರಿಗೆ ಸಾಕ್ಸಿನ ಮಡಿಕೆ ಒತ್ತಿ ಗಾಯವಾದರೂ ಗೊತ್ತಾಗದು. ಹಾಗಾಗಿ ದಿನಾ ರಾತ್ರಿ ಪಾದ ನೋಡುವ ಹೊಣೆ ಮನೆಯವರದು.

ಪರೀಕ್ಷೆ ಸರಿ ಬಂದರೆ ಅಳತೆ ಹೊಸದಾಗಿ ತೆಗೆಸಿ. ಬೆಳಿಗ್ಗೆ ಊತ ಇಳಿದಿರುವಾಗ ಮೂರು ಅಳತೆ ಬೇಕು: ಪಾದದ ಕೀಲಿನ ಮೇಲೆ ಅತಿ ಸಣ್ಣ ಸುತ್ತಳತೆ, ಮೀನಖಂಡದ ಅತಿ ದಪ್ಪ ಸುತ್ತಳತೆ, ನೆಲದಿಂದ ಮೊಣಕಾಲ ಕೆಳಗಿನವರೆಗಿನ ಉದ್ದ. ಸಂಜೆ ಅಳೆದರೆ ದೊಡ್ಡದು ಸಿಗುತ್ತದೆ. ಮೊಣಕಾಲ ಕೆಳಗಿನ ಸಾಕ್ಸ್ ಬಹುತೇಕರಿಗೆ ಸಾಕು. ತೊಡೆಯವರೆಗಿನದು ಜಾರಿ ಸುರುಳಿ ಸುತ್ತಿ ದಾರ ಬಿಗಿದಂತಾಗುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ ಬಿಗಿತದ ‘ಕ್ಲಾಸ್’ ನಂಬಬೇಡಿ. ಜರ್ಮನ್ ಅಳತೆಯ ಕ್ಲಾಸ್ 2 ಎಂದರೆ 23–32 ಮಿ.ಮೀ. ಪಾದರಸ, ಬ್ರಿಟಿಷ್ ಅಳತೆಯಲ್ಲಿ ಅದೇ ಕ್ಲಾಸ್ 2 ಎಂದರೆ 18–24. ಅಂಕಿ ನೋಡಿ ಕೊಳ್ಳಿ.

ಹಾಕುವುದು ಬೆಳಿಗ್ಗೆ, ಮಂಚದಿಂದ ಇಳಿಯುವ ಮೊದಲು. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಳ್ಳಿ, ಹಿಡಿತ ಸಿಗುತ್ತದೆ. ಸಾಕ್ಸಿನೊಳಗೆ ಕೈ ಹಾಕಿ ಹಿಮ್ಮಡಿಯ ಭಾಗ ಹಿಡಿದು, ಅಲ್ಲಿಯವರೆಗೆ ಒಳಹೊರಗು ಮಾಡಿ. ಪಾದ ತೂರಿಸಿ ಹಿಮ್ಮಡಿ ಸರಿಯಾಗಿ ಕೂತಮೇಲೆ ಉಳಿದದ್ದನ್ನು ಅಂಗೈಯಿಂದ ಸ್ವಲ್ಪಸ್ವಲ್ಪವೇ ಸವರುತ್ತ ಮೇಲೇರಿಸಿ. ಮೇಲಿನ ಅಂಚು ಹಿಡಿದು ಜಗ್ಗಬೇಡಿ. ಬೆರಳು ತೆರೆದಿರುವ ಸಾಕ್ಸ್ ಆದರೆ ಪಾದಕ್ಕೊಂದು ನುಣುಪಾದ ಪ್ಲಾಸ್ಟಿಕ್ ಕವರ್ ಹಾಕಿ ತೂರಿಸಿ, ಆಮೇಲೆ ಕವರನ್ನು ಬೆರಳ ಕಡೆಯಿಂದ ಎಳೆದು ತೆಗೆಯಿರಿ. ಮೇಲಂಚನ್ನು ಮಡಚಿದರೆ ಒತ್ತಡ ಇಮ್ಮಡಿಯಾಗುತ್ತದೆ, ಮಡಚಬೇಡಿ. ಎಣ್ಣೆ, ಕ್ರೀಮು ರಾತ್ರಿ ತೆಗೆದಮೇಲೆ.

ಬಳ್ಳಾರಿಯ ಬೇಸಿಗೆಯಲ್ಲಿ ಇಡೀ ದಿನ ಹಾಕಿ ಎನ್ನುವುದು ಕಠಿಣ. ನಡೆಯುವ, ನಿಲ್ಲುವ ಬೆಳಗಿನ ಹೊತ್ತಿಗೆ ಹಾಕಿ, ಮಧ್ಯಾಹ್ನ ತೆಗೆದು ಕಾಲು ಮೇಲಿಟ್ಟು ಮಲಗಲಿ. ಬಿಗಿಯಾದದ್ದು ಕಪಾಟಿನಲ್ಲಿ ಕೊಳೆಯುವುದಕ್ಕಿಂತ ಒಂದು ಹಂತ ಸಡಿಲವಾದದ್ದು ಕಾಲಿನಲ್ಲಿರುವುದು ಮೇಲು. ಬೆರಳಲ್ಲಿ ಬಲವಿಲ್ಲದವರಿಗೆ ವೆಲ್ಕ್ರೋ ಪಟ್ಟಿಯ ಸುತ್ತುಗಳೂ ಬರುತ್ತವೆ. ಎರಡು ಜೊತೆ ಇಟ್ಟುಕೊಳ್ಳಿ, ಕೈಯಲ್ಲಿ ಒಗೆದು ಹಿಂಡದೆ ನೆರಳಲ್ಲಿ ಒಣಗಿಸಿ. ಆರು ತಿಂಗಳಿಗೆ ಬಿಗಿ ಕಳೆದುಕೊಳ್ಳುತ್ತದೆ. ಸುಲಭವಾಗಿ ಏರತೊಡಗಿತು ಎಂದರೆ ಬದಲಿಸಬೇಕು ಎಂದೇ ಅರ್ಥ.

ಪ್ರಶ್ನೆ: ಪಾದದ ಒಳಗಂಟಿನ ಮೇಲೆ ಎಂಟು ತಿಂಗಳಿಂದ ಹುಣ್ಣು. ದಿನಾ ಡ್ರೆಸ್ಸಿಂಗ್, ಮೂರು ಸಲ ಆಂಟಿಬಯೋಟಿಕ್ ಆಯಿತು. ನೋವಿಗೆ ತುದಿಗಾಲಲ್ಲಿ ನಡೆಯುತ್ತೇನೆ.
– ಓದುಗರು, ತುಮಕೂರು

ಉತ್ತರ: ಹುಣ್ಣಿನ ಜಾಗ ನೋಡಿದರೆ ಅಭಿಧಮನಿಯದೇ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಕೊರತೆ ಔಷಧಿಯದಲ್ಲ, ಒತ್ತಡದ ಪಟ್ಟಿಯದು. ಅಪಧಮನಿ ಸರಿಯಿದೆ ಎಂದು ಖಚಿತವಾದ ಮೇಲೆ, ಕಲಿತವರು ಪದರ ಪದರವಾಗಿ ಪಾದದ ಬಳಿ ಸುಮಾರು 40 ಮಿ.ಮೀ. ಒತ್ತಡ ಬರುವಂತೆ ಪಟ್ಟಿ ಸುತ್ತಬೇಕು. ಮನೆಯಲ್ಲಿ ಸುತ್ತುವ ಕ್ರೇಪ್ ಬ್ಯಾಂಡೇಜ್ ಬೇಗ ಸಡಿಲಾಗುತ್ತದೆ, ಎಷ್ಟೋ ಸಲ ಕೆಳಗಿಗಿಂತ ಮೇಲೆಯೇ ಬಿಗಿಯಾಗಿರುತ್ತದೆ.

ನಿಲ್ಲಿಸಿ ಮಾಡುವ, ನಾಳದಲ್ಲಿ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಕವಾಟ ಕೆಟ್ಟ ನಾಳವನ್ನು ಲೇಸರ್, ರೇಡಿಯೋ ತರಂಗ ಅಥವಾ ನೊರೆಯ ಚುಚ್ಚುಮದ್ದಿನಿಂದ ಮುಚ್ಚಬಹುದು. ಅದೇ ದಿನ ನಡೆದು ಮನೆಗೆ ಹೋಗಬಹುದು. ಹುಣ್ಣು ಮಾಯಲಿ, ಆಮೇಲೆ ನೋಡೋಣ ಎಂದು ಕಾಯುವ ರೂಢಿ ಈಗ ಸರಿಯಲ್ಲ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಟ್ಟಿಯ ಜೊತೆ ಎರಡು ವಾರದೊಳಗೆ ನಾಳ ಮುಚ್ಚಿಸಿಕೊಂಡವರ ಹುಣ್ಣು ಮಾಯಲು ಮಧ್ಯಮ ಲೆಕ್ಕದಲ್ಲಿ 56 ದಿನ ಹಿಡಿಯಿತು. ತಡಮಾಡಿದವರಿಗೆ 82 ದಿನ.

ಸುತ್ತ ಕೆಂಪು ಹರಡಿದರೆ, ಜ್ವರ ಬಂದರೆ, ಕೀವು ತುಂಬಿದರೆ ಮಾತ್ರ ಆಂಟಿಬಯೋಟಿಕ್. ಅರಿಶಿನ, ಪೌಡರು, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಶುದ್ಧ ನೀರಲ್ಲಿ ತೊಳೆದರೆ ಸಾಕು. ಎಂಟು ತಿಂಗಳಾದ್ದರಿಂದ ಅಂಚಿನ ಚೂರು ತೆಗೆದು ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವ ಬಗ್ಗೆಯೂ ಕೇಳಿ. ತುದಿಗಾಲ ನಡಿಗೆಯನ್ನು ಈಗಲೇ ಬಿಡಬೇಕು, ಇಲ್ಲವಾದರೆ ಹುಣ್ಣು ಮಾಯ್ದರೂ ಹಿಮ್ಮಡಿ ನೆಲಕ್ಕೆ ತಾಗದು. ನಡೆಯುವ ಅರ್ಧ ಗಂಟೆ ಮೊದಲು ನೋವಿಗೆ ವೈದ್ಯರು ಹೇಳಿದ ಮಾತ್ರೆ ತಗೊಂಡು, ಪಟ್ಟಿ ಸುತ್ತಿಕೊಂಡೇ ಹಿಮ್ಮಡಿ ಊರಿ ನಡೆಯಿರಿ.

ಪ್ರಶ್ನೆ: ಬಿ.ಪಿ. ಮಾತ್ರೆ ಬದಲಿಸಿದ ಮೇಲೆ ಎರಡೂ ಪಾದ ಊದಿವೆ. ನೀರಿನ ಮಾತ್ರೆ ತಗೊಳ್ಳಲೇ?
– ಓದುಗರು, ಉಡುಪಿ

ಉತ್ತರ: ಅಮ್ಲೋಡಿಪಿನ್ ಗುಂಪಿನ ಮಾತ್ರೆಯಿಂದ ಹೀಗಾಗುವುದು ಸಾಮಾನ್ಯ. ನೀರಿನ ಮಾತ್ರೆಗೆ ಅದು ಅಷ್ಟಾಗಿ ಇಳಿಯದು, ಉಪ್ಪಿನಂಶ ಏರುಪೇರಾಗಿ ತಲೆಸುತ್ತಿ ಬೀಳುವ ಭಯ ಬೇರೆ. ಮಾತ್ರೆ ನೀವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ; ಹೃದಯ, ಮೂತ್ರಪಿಂಡದ ಪರೀಕ್ಷೆಯೂ ಆಗಲಿ. ಒಂದೇ ಕಾಲು ಒಂದೆರಡು ದಿನದಲ್ಲಿ ಊದಿ ನೋಯತೊಡಗಿದರೆ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಉಸಿರೂ ಕಟ್ಟಿದರೆ ಆಂಬ್ಯುಲೆನ್ಸಿಗೆ 108 ಕರೆ ಮಾಡಿ.

ಪ್ರಶ್ನೆ: ಬಚ್ಚಲಲ್ಲಿ ಕಾಲು ಉಜ್ಜುವಾಗ ಅಜ್ಜಿಯ ಉಬ್ಬುನರ ಒಡೆದು ರಕ್ತ ಚಿಮ್ಮಿತು. ಮತ್ತೆ ಹೀಗಾದರೆ?
– ಓದುಗರು, ಹಾಸನ

ಉತ್ತರ: ತಕ್ಷಣ ನೆಲದ ಮೇಲೇ ಮಲಗಿಸಿ, ಕಾಲನ್ನು ಕುರ್ಚಿ ಅಥವಾ ಬಕೆಟ್ಟಿನ ಮೇಲೆ ಎತ್ತಿಡಿ. ಮಡಚಿದ ಶುಭ್ರ ಬಟ್ಟೆಯಿಂದ ರಕ್ತ ಬರುವ ಜಾಗವನ್ನೇ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ತೆರೆದು ನೋಡಬೇಡಿ. ಮೇಲೆ ಹಗ್ಗ, ಟವೆಲ್ ಬಿಗಿದು ಕಟ್ಟಬಾರದು, ಕಟ್ಟಿದರೆ ರಕ್ತ ಹೆಚ್ಚುತ್ತದೆ. ನಿಂತ ಮೇಲೆ ಬಟ್ಟೆ ತೆಗೆಯದೆ ಪಟ್ಟಿ ಸುತ್ತಿ ಆಸ್ಪತ್ರೆಗೆ ಒಯ್ಯಿರಿ. ಒಮ್ಮೆ ಒಡೆದ ನಾಳ ಮತ್ತೆ ಒಡೆಯಬಹುದು, ಹಾಗಾಗಿ ಅದನ್ನು ಮುಚ್ಚಿಸುವ ಚಿಕಿತ್ಸೆ ಮುಂದೂಡಬೇಡಿ. ಅಲ್ಲಿಯವರೆಗೆ ಅಜ್ಜಿ ಒಬ್ಬರೇ ಬಚ್ಚಲ ಚಿಲಕ ಹಾಕಿಕೊಳ್ಳುವುದು ಬೇಡ, ಕಾಲಿಗೆ ಉಜ್ಜುವ ಕಲ್ಲೂ ಬೇಡ.