‘ಕಲ್ಲು ಹಾಕಿದರೆ ಸಾಲದೇ?’ ಎಂದು ಕೇಳಿದವರಿಗೆ, ಮಂಜೇಶ್ವರದಿಂದ

ಕಡಲ್ಕೊರೆತದ ವಿಡಿಯೊ ನೋಡಿ ನೀವು ಕೇಳಿದ್ದು ನ್ಯಾಯವೇ. ವರ್ಷ ವರ್ಷ ಇದೇ ಗೋಳಾದರೆ ಉದ್ದಕ್ಕೂ ಕಲ್ಲು ಹಾಕಬಾರದೇ, ಇಲ್ಲವೇ ಆ ಜನ ಬೇರೆ ಕಡೆ ಹೋಗಬಾರದೇ?

ನಾನು ಕೇರಳದ ಬಡಗಣ ತುದಿಯ ಕಾಸರಗೋಡು ಜಿಲ್ಲೆಯವ, ಮಂಜೇಶ್ವರ, ಉಪ್ಪಳದ ನಡುವಿನವ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರದ ಕಾಗದ ಹೆಚ್ಚಾಗಿ ಮಲಯಾಳದಲ್ಲಿ. ಚಿಕ್ಕಮ್ಮನ ಮನೆ ಕಡಲ ಬದಿಯಲ್ಲೇ ಇದೆ. ನಾನು ಚಿಕ್ಕವನಿದ್ದಾಗ ಅಂಗಳದಾಚೆ ಮೂರು ಸಾಲು ತೆಂಗು, ಅದರಾಚೆ ಬಲೆ ಒಣಗಿಸುವ ಜಾಗ, ಆಮೇಲೆ ನೀರು. ಈಗ ಉಳಿದದ್ದು ಒಂದು ಸಾಲು. ತುದಿಯ ಮರದ ಬುಡದಲ್ಲಿ ಮಣ್ಣಿಲ್ಲ, ಬೇರೆಲ್ಲ ಕೂದಲ ಹಾಗೆ ಜೋತುಬಿದ್ದಿದೆ. ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪುಪ್ಪು. ಸಮೀಪದ ಮುಸೋಡಿಯಲ್ಲಿ 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತದ ಹೊತ್ತಿಗೆ, ಮಾಳಿಗೆ ಮನೆಯೇ ಕಡಲಿಗೆ ಕುಸಿಯಿತು.

ಕಲ್ಲಿನ ಮಾತಿಗೆ ಬರುತ್ತೇನೆ. ನಮ್ಮ ಕಡಲು ಮಳೆಗಾಲದಲ್ಲಿ ದಡದ ಮರಳನ್ನು ಎಳೆದು ಸ್ವಲ್ಪ ಆಚೆ ನೀರೊಳಗೆ ದಿಬ್ಬ ಮಾಡಿಡುತ್ತದೆ. ದೊಡ್ಡ ತೆರೆಗಳು ಆ ದಿಬ್ಬದ ಮೇಲೆಯೇ ಒಡೆಯುವುದರಿಂದ ದಡಕ್ಕೆ ಬೀಳುವ ಪೆಟ್ಟು ಅಷ್ಟು ಕಡಿಮೆ. ನವರಾತ್ರಿ ಕಳೆದು ಕಡಲು ತಣ್ಣಗಾದ ಮೇಲೆ ಅದೇ ಮರಳು ಮೆಲ್ಲ ಮೆಲ್ಲ ವಾಪಸು ಬರುತ್ತದೆ. ಇಲ್ಲಿ ಗೋಡೆ ಕಟ್ಟಿದರೆ ತೆರೆ ಕಲ್ಲಿಗೆ ಹೊಡೆದು ಬುಡದ ಮರಳನ್ನೇ ಅಗೆಯುತ್ತದೆ, ನಾಲ್ಕು ಮಳೆಗಾಲದಲ್ಲಿ ಕಲ್ಲು ಹೂತುಹೋಗುತ್ತದೆ. ಗೋಡೆ ಮುಗಿದ ಜಾಗದ ಮನೆಗೆ ದುಪ್ಪಟ್ಟು ಪೆಟ್ಟು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಕಡಲಿನತ್ತ ಗೋಡೆ ಚಾಚಿದರೂ ಅಷ್ಟೇ: ಒಂದು ಮಗ್ಗುಲಲ್ಲಿ ಮರಳು ತುಂಬುತ್ತದೆ, ಇನ್ನೊಂದು ಮಗ್ಗುಲು ಸೊರಗುತ್ತದೆ. ಮೇಲಿನಿಂದ ಮರಳು ತರಬೇಕಾದ ಹೊಳೆಗಳನ್ನೂ ನಾವು ಬಿಟ್ಟಿಲ್ಲ, ಲಾರಿಗಟ್ಟಲೆ ತೋಡಿದ್ದೇವೆ.

ಮಂಗಳೂರು ಬದಿಯ ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಕಡಲೊಳಗೇ ರೀಫ್, ಅಂದರೆ ತೆರೆ ಒಡೆಯುವ ಕೃತಕ ದಿಬ್ಬ, ಕಟ್ಟಿದರು. ಆಮೇಲೆ ಕೊರೆತ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಗೆ ಜರುಗಿತು ಎಂಬುದು ಅಲ್ಲಿನ ಮೀನುಗಾರರ ದೂರು. ಬಟ್ಟಪ್ಪಾಡಿಯಿಂದ ತೆಂಕಕ್ಕೆ ನಡೆದರೆ ನಮ್ಮ ಕಣ್ವತೀರ್ಥ, ಅಲ್ಲಿಂದ ಕೇರಳ. ಕರ್ನಾಟಕದ ಲೆಕ್ಕಾಚಾರ ತಲಪಾಡಿಯಲ್ಲಿ ನಿಲ್ಲುತ್ತದೆ, ಕೇರಳದ್ದು ಅಲ್ಲಿಂದ ಶುರುವಾಗುತ್ತದೆ, ಮರಳಿಗೆ ಇದು ಯಾವುದೂ ಗೊತ್ತಿಲ್ಲ. ಎರಡೂ ರಾಜ್ಯ ಕೂತು ನೇತ್ರಾವತಿ ಅಳಿವೆಯಿಂದ ಚಂದ್ರಗಿರಿ ಅಳಿವೆಯವರೆಗೆ ಒಂದೇ ಕಡಲ ದಡ ಎಂದು ನೋಡಬೇಕು. ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಇದು.

ಮೀನಿನ ವಿಷಯವೂ ಹೀಗೇ. ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಕೇರಳದ ಟ್ರಾಲಿಂಗ್ ನಿಷೇಧ 52 ದಿನ, ಜೂನ್ 9ರ ನಡುರಾತ್ರಿಯಿಂದ. ಮೊಟ್ಟೆಯಿಡುವ ಮೀನು ಆ ಎಂಟೊಂಬತ್ತು ದಿನ ಎಲ್ಲಿಗೆ ಹೋಗಬೇಕು?

ಇನ್ನು ಮಳೆ, ಗಾಳಿ ಏನೂ ಇಲ್ಲದೆ ನೀರು ಏರುವುದುಂಟು. ತೆಂಕಣ ಹಿಂದೂ ಮಹಾಸಾಗರದಲ್ಲಿ ಸಾವಿರಾರು ಕಿಲೋಮೀಟರ್ ದೂರ ಎದ್ದ ತೆರೆ ಇಲ್ಲಿಗೆ ಬಂದು ಮುಟ್ಟುತ್ತದೆ. ಮಲಯಾಳದಲ್ಲಿ ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ, ಕನ್ನಡದವರಿಗೆ ಅರ್ಥ ಹೇಳಬೇಕಿಲ್ಲ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಮೊದಲೇ ಎಚ್ಚರಿಕೆ ಕೊಡುತ್ತದೆ. ಆದರೆ ಅದು ನಮ್ಮ ಫೋನಿಗೆ ಬರುವುದು ಮಲಯಾಳದಲ್ಲಿ. ಚಿಕ್ಕಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು. ಮೆಸೇಜು ಬಂದ ಕೂಡಲೇ ಫೋನು ಮಾಡುತ್ತಾರೆ, “ಮಗಾ, ಇದರಲ್ಲಿ ಏನುಂಟು ಓದು.” ನಾನು ಕೆಲಸದಲ್ಲಿದ್ದು ಫೋನು ಎತ್ತದ ದಿನ ಹೊಟ್ಟೆಯಲ್ಲಿ ಸಂಕಟ.

ಬೇರೆ ಕಡೆ ಹೋಗಬಾರದೇ ಎಂಬುದಕ್ಕೆ: ಕೇರಳದಲ್ಲಿ ‘ಪುನರ್ಗೇಹಂ’ ಎಂಬ ಯೋಜನೆ ಇದೆ, ದಡದಿಂದ 50 ಮೀಟರ್ ಒಳಗಿರುವ ಕುಟುಂಬಕ್ಕೆ ಜಾಗ ಮತ್ತು ಮನೆಗೆಂದು 10 ಲಕ್ಷ ರೂಪಾಯಿ. ಒಳ್ಳೆಯ ಯೋಜನೆ. ಆದರೆ ಹೆದ್ದಾರಿ ಆರು ಪಥವಾದ ಮೇಲೆ ಹತ್ತಿರದಲ್ಲಿ ಆ ದುಡ್ಡಿಗೆ ಜಾಗ ಸಿಗುವುದಿಲ್ಲ. ದೂರ ಹೋದರೆ ದೋಣಿ, ಬಲೆ ನೋಡುವವರಾರು? ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರು ಬೂತಾಯಿ ಮೀನಿನ ಹಿಂಡು ಕಂಡು ಕೂಗು ಹಾಕಿದಾಗ ಓಡಿಬರಬೇಕು.

ಹಾಗೆಂದು ಕಡಲು ಬರೀ ಕಸಿಯುತ್ತದೆ ಎಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ತೆಂಕಣ ತುದಿಯ ಪಡನ್ನದಲ್ಲಿ ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿ ಬೆಳೆಸುತ್ತಾರೆ, ಹೆಂಗಸರ ಸ್ವಸಹಾಯ ಗುಂಪುಗಳು ಅದರಲ್ಲಿ ಸಂಪಾದಿಸಿವೆ. ಶಿರಿಯ, ಮೊಗ್ರಾಲಿನ ಹೊಳೆ ಬದಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇನ್ನೂ ಉಂಟು. ಅದರ ಬೇರಿನ ಸಂದಿಯಲ್ಲಿ ಮೀನಿನ ಮರಿ ಬೆಳೆಯುತ್ತದೆ, ಹೊಳೆಯ ದಡವೂ ನಿಲ್ಲುತ್ತದೆ.

ನೋಡಲು ಬರುವುದಾದರೆ ನವರಾತ್ರಿ ಕಳೆದು ಬನ್ನಿ. ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ. ಮರಳಿನ ದಿಣ್ಣೆಯ ಮೇಲೆ ನೇರಳೆ ಹೂವಿನ ಅಡುಂಬು ಬಳ್ಳಿ ಹಬ್ಬಿರುತ್ತದೆ, ಅದರ ಮೇಲೆ ಚಕ್ರ ಹತ್ತಿಸಬೇಡಿ. ಚಿಕ್ಕಮ್ಮನ ಮನೆಗೂ ಕಡಲಿಗೂ ನಡುವೆ ಈಗ ಇರುವುದು ಆ ದಿಣ್ಣೆ ಮತ್ತು ಒಂದು ಸಾಲು ತೆಂಗು.