ಗ್ಲೇಜ್ ಹಾಕಿದ ಮೇಲೆ ಗೀರು ಜಾಸ್ತಿ ಆಗಿದೆ, ಮಷೀನ್‌ದಾ ತಪ್ಪು?

ಪ್ರಶ್ನೆ: ನಂದು ಕಪ್ಪು ಸೆಡಾನ್, ಐದು ವರ್ಷ ಹಳೇದು. ಬಾನೆಟ್ ಮೇಲೆ ಬಿಸಿಲು ಬಿದ್ರೆ ಜೇಡರ ಬಲೆ ತರ ಗೀರು ಕಾಣ್ತಿತ್ತು ಅಂತ ಒಂದು ಡಿಎ (ಡ್ಯುಯಲ್ ಆಕ್ಷನ್) ಪಾಲಿಷರ್ ಮಷೀನ್ ತಗೊಂಡು ಮನೇಲೇ ಗ್ಲೇಜ್ ಹಾಕ್ದೆ. ಅವತ್ತು ಕನ್ನಡಿ ತರ ಹೊಳೀತು, ಎಲ್ರೂ ಹೊಗಳಿದ್ರು. ಮೂರ್ನಾಲ್ಕು ಸಲ ತೊಳೆದ್ಮೇಲೆ ನೋಡಿದ್ರೆ ಹಳೇ ಗೀರು ವಾಪಸ್ ಬಂದಿದೆ, ಜೊತೆಗೆ ಸಣ್ಣ ಸಣ್ಣ ಸುರುಳಿ ತರದ್ದು ಹೊಸದಾಗಿ ಬಂದಿದೆ. ಕೈಯಲ್ಲೇ ಹಾಕಬೇಕಿತ್ತಾ? – ಓದುಗರು, ದಾವಣಗೆರೆ

ಉತ್ತರ: ಆ ಸುರುಳಿ ಗೀರು ಈಗ ಬಂದಿದ್ದಲ್ಲ, ಹೆಚ್ಚಾಗಿ ನೀವು ಗ್ಲೇಜ್ ಹಾಕಿದ ದಿನವೇ ಬಿದ್ದಿದ್ದು. ಗ್ಲೇಜ್ ಅಂದ್ರೆ ಬಹುಪಾಲು ಎಣ್ಣೆ ಅಂಶ ಮತ್ತೆ ತುಂಬಾ ನುಣ್ಣನೆ ಫಿಲ್ಲರ್, ಅದು ಗೀರನ್ನ ತೆಗೆಯಲ್ಲ, ಗೀರೊಳಗೆ ಕೂತ್ಕೊಂಡು ಬೆಳಕು ಚದುರದ ಹಾಗೆ ಮಾಡತ್ತೆ ಅಷ್ಟೇ, ಗೋಡೆ ಬಿರುಕಿಗೆ ಲಪ್ಪ ಮೆತ್ತಿದ ಹಾಗೆ. ಹಳೇ ಗೀರನ್ನ ಮುಚ್ಚಿದ ಗ್ಲೇಜೇ ನಿಮ್ಮ ಪ್ಯಾಡ್ ಹಾಕಿದ ಹೊಸ ಗೀರನ್ನೂ ಮುಚ್ಚಿಬಿಡ್ತು, ಶಾಂಪೂ ನೀರಲ್ಲಿ ಅದು ಕರಗ್ತಾ ಹೋದ ಹಾಗೆ ಎರಡೂ ಹೊರಗೆ ಬಂತು. ಇದಕ್ಕೇ ನಾನು ಗ್ಲೇಜ್ ಹಾಕುವಾಗ ಕಾಂಪೌಂಡ್ (ಪೇಂಟ್ ಉಜ್ಜಿ ಗೀರು ತೆಗೆಯೋ ಪೇಸ್ಟ್) ಹೊಡೆಯೋದಕ್ಕಿಂತ ಜಾಸ್ತಿ ಹುಷಾರಾಗಿರಿ ಅನ್ನೋದು, ತಪ್ಪಾಗಿದ್ರೂ ಅವತ್ತು ಕಣ್ಣಿಗೆ ಕಾಣಲ್ಲ.

ಗೀರಿನ ಆಕಾರ ನೋಡಿದ್ರೆ ಅರ್ಧ ಕಾರಣ ಗೊತ್ತಾಗತ್ತೆ. ಪೇಂಟಲ್ಲಿ ಕಾಣೋ ಬಲ್ಬಿನ ಬೆಳಕಿನ ಸುತ್ತ ಬಲೆ ತರ ಕಂಡ್ರೆ ಅದು ತೊಳೆಯೋವಾಗ ಒರೆಸೋವಾಗ ಬಿದ್ದಿದ್ದು. ಬೆಳಕು ಸರಿದ ಹಾಗೆ ಪಟ್ಟೆ ಪಟ್ಟೆಯಾಗಿ ಓಡಾಡಿದ್ರೆ ಅದು ಪ್ಯಾಡ್ ಬರೀ ಗುಂಡಗೆ ತಿರುಗೋ ರೋಟರಿ ಮಷೀನಿಂದು, ಹಾಲೋಗ್ರಾಮ್ ಅಂತಾರೆ. ನಿಮ್ಮದು ಚಿಕ್ಕ ಚಿಕ್ಕ ಸುರುಳಿ, ಇದಕ್ಕೆ ಹಂದಿ ಬಾಲ ಅಂತಲೇ ಹೆಸರು, ಪಿಗ್‌ಟೇಲ್. ಡಿಎಯಲ್ಲಿ ಪ್ಯಾಡ್ ತನ್ನ ಸುತ್ತ ತಿರುಗೋದರ ಜೊತೆ ಸಣ್ಣ ವೃತ್ತದಲ್ಲೂ ಅಲ್ಲಾಡತ್ತೆ, ಪ್ಯಾಡಿಗೆ ಒಂದೇ ಒಂದು ಮರಳ ಕಣ ಸಿಕ್ಕಿಕೊಂಡ್ರೂ ಅದು ಹೋದಲ್ಲೆಲ್ಲ ಇಂಥ ಸುರುಳಿ ಬರೀತಾ ಹೋಗತ್ತೆ. ಹಾಗಾಗಿ ಮಷೀನ್‌ದಲ್ಲ ತಪ್ಪು, ಪ್ಯಾಡ್ ಮತ್ತೆ ಪೇಂಟ್ ಮಧ್ಯೆ ಏನಿತ್ತು ಅನ್ನೋದು ಪ್ರಶ್ನೆ. ನಂಗೇ ಒಂದ್ಸಲ ಹೀಗಾಗಿತ್ತು, ಪ್ಯಾಡ್ ಕೈಜಾರಿ ಪಾರ್ಕಿಂಗ್ ನೆಲಕ್ಕೆ ಬಿತ್ತು, ಇನ್ನೊಂದು ಪ್ಯಾಡ್ ಇರಲಿಲ್ಲ, ಕೊಡವಿ ಅದನ್ನೇ ಹಾಕ್ದೆ. ಬಲಗಡೆ ಎರಡೂ ಬಾಗಿಲು ಪೂರ್ತಿ ಮತ್ತೆ ಪಾಲಿಷ್ ಮಾಡಬೇಕಾಯ್ತು, ಆಮೇಲಿಂದ ನೆಲಕ್ಕೆ ಬಿದ್ದ ಪ್ಯಾಡನ್ನ ತೊಳೆದು ಒಣಗಿಸದೆ ಮುಟ್ಟಿಲ್ಲ. ಒಂದು ಕಾರಿಗೆ ಕಡಿಮೆ ಅಂದ್ರೂ ಮೂರು ಪ್ಯಾಡ್ ಇಟ್ಕೊಳಿ.

ಪ್ಯಾಡ್ ಅಂದ್ರೆ ಇರೋದರಲ್ಲೇ ಅತಿ ಮೆತ್ತಗಿರೋ ಫೋಮ್ ಫಿನಿಶಿಂಗ್ ಪ್ಯಾಡ್. ಬಣ್ಣ ನೋಡಿ ತಗೋಬೇಡಿ, ಒಂದೊಂದು ಕಂಪನೀದು ಒಂದೊಂದು ಲೆಕ್ಕ, ಒಬ್ಬರ ಕೆಂಪು ಮೆತ್ತಗಿದ್ರೆ ಇನ್ನೊಬ್ಬರ ಕೆಂಪು ಗಟ್ಟಿ. ಉಣ್ಣೆ ಪ್ಯಾಡ್, ಮೈಕ್ರೋಫೈಬರ್ ಪ್ಯಾಡ್ ಈ ಕೆಲಸಕ್ಕೆ ಬೇಡ್ವೇ ಬೇಡ. ಒಮ್ಮೆ ಕಾಂಪೌಂಡ್ ಕುಡಿದ ಪ್ಯಾಡನ್ನ ಎಷ್ಟೇ ತೊಳೆದ್ರೂ ಗ್ಲೇಜಿಗೆ ಬಳಸಬೇಡಿ, ಒಳಗೆ ಕಣ ಉಳ್ಕೊಂಡಿರತ್ತೆ.

ಪ್ಯಾಡ್ ಸರಿ ಇದ್ದು ಕಾರೇ ಸ್ವಚ್ಛ ಇಲ್ದಿದ್ರೂ ಅದೇ ಕಥೆ. ತೊಳೆದು ಒಣಗಿಸಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಬಾನೆಟ್ ಸವರಿ ನೋಡಿ, ಬರಿಗೈಗೆ ನುಣ್ಣಗಿದೆ ಅನ್ಸಿದ್ದು ಕವರಲ್ಲಿ ರವೆ ರವೆ ಥರ ಸಿಗತ್ತೆ. ಅದು ಬ್ರೇಕ್ ಧೂಳು, ಮರದ ಅಂಟು, ಬೋರ್ ನೀರಿನ ಕಲೆ, ಪೇಂಟಿಗೆ ಕಚ್ಕೊಂಡಿರತ್ತೆ, ಶಾಂಪೂಗೆ ಬಿಡಲ್ಲ. ಕ್ಲೇ ಬಾರ್ ಅಂತ ಜೇಡಿಮಣ್ಣಿನ ಥರದ ಮೆತ್ತನೆ ಉಂಡೆ ಬರತ್ತೆ, ಅದಕ್ಕೆ ಚೆನ್ನಾಗಿ ಲೂಬ್ (ಜಾರೋ ಹಾಗೆ ಮಾಡೋ ದ್ರವ) ಹೊಡ್ಕೊಂಡು ತೆಗೀಬೇಕು. ಬೋರ್ ನೀರಿನ ಬಿಳಿ ಕಲೆ ಕ್ಲೇಗೂ ಬಿಡದಿದ್ರೆ ಅದಕ್ಕೆ ಅಂತಲೇ ಬರೋ ವಾಟರ್ ಸ್ಪಾಟ್ ರಿಮೂವರ್ ಬೇಕು. ಆದ್ರೆ ಕಪ್ಪು ಬಣ್ಣದ ಮೇಲೆ ಕ್ಲೇ ಕೂಡ ಮಂಜು ಮಂಜಾದ ಗುರುತು ಬಿಡತ್ತೆ, ಅದರ ಮೇಲೆ ನೇರ ಗ್ಲೇಜ್ ಹಾಕಿದ್ರೆ ಅದನ್ನೂ ಮುಚ್ಚಿದ ಹಾಗಾಯ್ತು. ಹಾಗಾಗಿ ಕ್ಲೇ ಆದ್ಮೇಲೆ ಮೆತ್ತನೆ ಪ್ಯಾಡಲ್ಲಿ ಒಂದು ಫಿನಿಶಿಂಗ್ ಪಾಲಿಷ್ (ಸಣ್ಣ ಗುರುತು ತೆಗೆಯೋ ನುಣ್ಣನೆ ಪಾಲಿಷ್), ಆಮೇಲೆ ಇನ್ನೊಂದು ಹೊಸ ಪ್ಯಾಡಲ್ಲಿ ಗ್ಲೇಜ್. ಹಾಗಂತ ಪ್ರತಿ ತಿಂಗಳೂ ಪಾಲಿಷ್ ಮಾಡಬೇಡಿ, ಬಣ್ಣದ ಮೇಲಿರೋ ಕ್ಲಿಯರ್ ಕೋಟ್ ಸುಮಾರು 40-50 ಮೈಕ್ರಾನ್ ದಪ್ಪ ಇರತ್ತೆ, ನೋಟ್‌ಬುಕ್ ಹಾಳೆಯ ಅರ್ಧ, ಹೋಗಿದ್ದು ವಾಪಸ್ ಬರಲ್ಲ.

ಇನ್ನು ಹಾಕೋ ರೀತಿ. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಮೊದಲು ಪ್ಯಾಡ್ ಮುಖಕ್ಕೆಲ್ಲ ತೆಳ್ಳಗೆ ಗ್ಲೇಜ್ ಸವರಿ, ಒಣ ಪ್ಯಾಡ್ ತಿರುಗಿದ್ರೆ ಅದೇ ಗೀರು ಹಾಕತ್ತೆ. ಆಮೇಲೆ ಬಟಾಣಿ ಕಾಳಿನಷ್ಟು ಮೂರ್ನಾಲ್ಕು ಹನಿ ಸಾಕು. ಪ್ಯಾಡನ್ನ ಪೇಂಟ್ ಮೇಲೆ ಇಟ್ಟ ಮೇಲೇ ಸ್ವಿಚ್ ಹಾಕಿ, ಎತ್ತೋ ಮೊದಲು ಆಫ್ ಮಾಡಿ. ಮಷೀನಿನ ಸ್ಪೀಡ್ ಡಯಲ್ 1ರಲ್ಲಿ ಹರಡಿ, ಆಮೇಲೆ 2 ಅಥವಾ 3, ಅದಕ್ಕಿಂತ ಮೇಲೆ ಬೇಕಿಲ್ಲ. ಎರಡಡಿಗೆ ಎರಡಡಿ ಜಾಗ, ಅರ್ಧ ಅರ್ಧ ಒಂದರ ಮೇಲೊಂದು ಬರೋ ಹಾಗೆ ಎರಡು ಮೂರು ಸಲ ಓಡಿಸಿದ್ರೆ ಮುಗೀತು. ಮಷೀನಿನ ಭಾರ ಬಿಟ್ಟು ನಿಮ್ಮ ಕೈ ಭಾರ ಹಾಕಬೇಡಿ. ಕಾಂಪೌಂಡ್ ಅಭ್ಯಾಸ ಇರೋರು ಇಲ್ಲಿ ಎಡವ್ತಾರೆ, ಅದರಲ್ಲಿ ಕಣ ಪುಡಿಯಾಗೋ ತನಕ ಓಡಿಸಬೇಕು, ಗ್ಲೇಜಲ್ಲಿ ಪುಡಿಯಾಗೋಕೆ ಹೆಚ್ಚಾಗಿ ಏನೂ ಇರಲ್ಲ, ಸುಮ್ನೆ ಓಡಿಸ್ತಾ ಇದ್ರೆ ಎಣ್ಣೆ ಆರಿ ಪ್ಯಾಡ್ ಬಿಸಿಯಾಗಿ ಮೆತ್ತನೆ ಪೇಂಟ್ ಮಬ್ಬಾಗತ್ತೆ. ನಿಮ್ಮ ಕಡೆ ಏಪ್ರಿಲ್ ಬಿಸಿಲಲ್ಲಂತೂ ಬೆಳಿಗ್ಗೆ ಬೇಗ ನೆರಳಲ್ಲಿ ಮಾಡಿ, ಬಾನೆಟ್ ಮೇಲೆ ಅಂಗೈ ಇಟ್ರೆ ತಣ್ಣಗಿರಬೇಕು.

ಇಷ್ಟೆಲ್ಲ ಸರಿ ಮಾಡಿ ಒರೆಸೋವಾಗ ಹಾಳು ಮಾಡೋರು ತುಂಬಾ ಜನ. ಹಳೇ ಬನಿಯನ್ ಬಟ್ಟೆ ಬೇಡ, ದಪ್ಪ ಉಣ್ಣೆ ಥರ ಇರೋ ಮೈಕ್ರೋಫೈಬರ್, ಅಂಚಿನ ಲೇಬಲ್ ಕತ್ತರಿಸಿ, ಮಡಚಿ, ಒಂದು ಮಗ್ಗುಲು ಎಣ್ಣೆ ಆದ್ರೆ ಇನ್ನೊಂದಕ್ಕೆ ತಿರುಗಿಸ್ತಾ ಹೋಗಿ. ಮತ್ತೆ ಎಲ್ಲಾ ಗ್ಲೇಜೂ ಒಣಗಿಸಿ ಒರೆಸೋದಲ್ಲ. ಮೆಗ್ವಾಯರ್ಸ್ ಕಂಪನಿಯ ನಂಬರ್ 7 ಗ್ಲೇಜ್ ಥರದ್ದನ್ನ ಹಸಿ ಇರೋವಾಗಲೇ ತೆಗೀಬೇಕು, ಒಣಗಿದ್ರೆ ಬಟ್ಟೆ ಎಳೆಯತ್ತೆ, ಜನ ಜೋರಾಗಿ ಉಜ್ಜತಾರೆ, ಗೀರು ಬೀಳತ್ತೆ. ಹಾಗಾದ್ರೆ ಉಜ್ಜಬೇಡಿ, ಮೇಲೆ ಒಂದು ಹನಿ ಹೊಸ ಗ್ಲೇಜ್ ಸವರಿದ್ರೆ ಹಳೇದು ಸಡಿಲ ಆಗಿ ಬರತ್ತೆ.

ಇಡೀ ಕಾರಿಗೆ ಕೈ ಹಾಕೋ ಮೊದಲು ಡಿಕ್ಕಿ ಮೇಲೆ ಒಂದಡಿ ಜಾಗದಲ್ಲಿ ಮಾಡಿ, ನಾಲ್ಕು ಪಾಲು ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಹಗುರವಾಗಿ ಒರೆಸಿ, ಗ್ಲೇಜ್ ಎದ್ದು ಬರತ್ತೆ, ಕೆಳಗೆ ನಿಜವಾದ ಪೇಂಟ್ ಕಾಣತ್ತೆ. ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಹೊಸ ಸುರುಳಿ ಇಲ್ಲ ಅಂದ್ರೆ ಮುಂದುವರೀರಿ, ಇದ್ರೆ ಅಲ್ಲೇ ನಿಲ್ಲಿಸಿ ಪ್ಯಾಡ್ ಬದಲಾಯಿಸಿ. ಈಗ ನಿಮ್ಮ ಬಾನೆಟ್ಟಿಗೂ ಇದೇ ದಾರಿ, ಆಲ್ಕೋಹಾಲಲ್ಲಿ ಒರೆಸಿ, ಫಿನಿಶಿಂಗ್ ಪಾಲಿಷ್‌ನಲ್ಲಿ ಸುರುಳಿ ತೆಗೆದು, ಮತ್ತೆ ಗ್ಲೇಜ್, ಅದರ ಮೇಲೆ ವ್ಯಾಕ್ಸ್. ವ್ಯಾಕ್ಸ್ ಇಲ್ದೆ ಬಿಟ್ರೆ ಗ್ಲೇಜ್ ಬೇಗ ತೊಳೆದು ಹೋಗತ್ತೆ. ಕೈಯಲ್ಲಿ ಹಾಕಿದ್ರೂ ಚೆನ್ನಾಗೇ ಬರತ್ತೆ, ಬೆರಳ ತುದಿ ಒತ್ತಡ ಬೀಳದ ಹಾಗೆ ಫೋಮ್ ಅಪ್ಲಿಕೇಟರ್ ಇರಬೇಕು ಅಷ್ಟೇ.

ಪ್ರಶ್ನೆ: ಮುಂದಿನ ತಿಂಗಳು ಸೆರಾಮಿಕ್ ಕೋಟಿಂಗ್ ಮಾಡಿಸ್ತೀನಿ, ಅದಕ್ಕೆ ಮುಂಚೆ ಗ್ಲೇಜ್ ಹಾಕಿದ್ರೆ ಹೊಳಪು ಜಾಸ್ತಿ ಬರತ್ತಾ? – ಓದುಗರು, ಮೈಸೂರು

ಉತ್ತರ: ಬೇಡ. ಕೋಟಿಂಗ್ ಬರಿ ಪೇಂಟಿಗೆ ಹಿಡೀಬೇಕು, ನಡುವೆ ಗ್ಲೇಜಿನ ಎಣ್ಣೆ ಇದ್ರೆ ಸರಿಯಾಗಿ ಕಚ್ಕೊಳಲ್ಲ. ಕೋಟಿಂಗ್ ಆದ್ಮೇಲೆ ಹಾಕಿದ್ರೂ ನೀರು ಮುತ್ತಿನ ಥರ ಉರುಳೋ ಗುಣ ಮಂಕಾಗತ್ತೆ. ದುಡ್ಡು ಕೊಡೋ ಮುಂಚೆ ಅಂಗಡಿಯವರಿಗೆ ಆಲ್ಕೋಹಾಲಲ್ಲಿ ಒರೆಸಿದ ಪೇಂಟ್ ತೋರಿಸಿ ಅಂತ ಕೇಳಿ, ಗೀರು ನಿಜವಾಗಿ ತೆಗೆದಿದ್ದಾರಾ ಅಥವಾ ಮುಚ್ಚಿದ್ದಾರಾ ಅಂತ ಅಲ್ಲೇ ಗೊತ್ತಾಗತ್ತೆ.

ಪ್ರಶ್ನೆ: ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಇದೆ, ಗ್ಲೇಜ್ ಹಾಕ್ತಿದ್ದ ಹಾಗೆ ಪ್ಯಾಡೆಲ್ಲ ಕಾರಿನ ಬಣ್ಣ ಆಯ್ತು, ಹೆದರಿ ನಿಲ್ಲಿಸಿದೀನಿ. – ಓದುಗರು, ಶಿವಮೊಗ್ಗ

ಉತ್ತರ: ನಿಲ್ಲಿಸಿದ್ದು ಒಳ್ಳೇದಾಯ್ತು, ಆದ್ರೆ ಹೆದರಬೇಡಿ. ಅದು ಕ್ಲಿಯರ್ ಕೋಟ್ ಇಲ್ಲದ ಹಳೇ ಥರದ ಪೇಂಟ್, ಮೇಲಿನ ಸತ್ತ ಬಣ್ಣ ಎದ್ದು ಬರ್ತಿದೆ. ಮಷೀನ್ ಪಕ್ಕಕ್ಕಿಡಿ. ನಂಬರ್ 7 ಥರದ ಎಣ್ಣೆ ಜಾಸ್ತಿ ಇರೋ ಗ್ಲೇಜನ್ನ ಮೆತ್ತನೆ ಟೆರ್ರಿ ಬಟ್ಟೇಲಿ ಧಾರಾಳವಾಗಿ ಸವರಿ, ರಾತ್ರಿ ಹಾಗೇ ಬಿಡಿ, ಇಲ್ಲಿ ಒಣಗಿದ್ರೂ ಪರವಾಗಿಲ್ಲ. ಬೆಳಿಗ್ಗೆ ಮೇಲೆ ಮತ್ತೊಂದಿಷ್ಟು ಹಾಕಿ ಸಡಿಲ ಮಾಡ್ಕೊಂಡು ಒರೆಸಿ, ಒಣಗಿದ ಪೇಂಟ್ ಎಣ್ಣೆ ಕುಡಿದು ಬಣ್ಣ ಗಾಢ ಆಗತ್ತೆ. ಬೇಕಾದ್ರೆ ಇನ್ನೊಂದ್ಸಲ ಮಾಡಿ. ಬಾನೆಟ್ ಅಂಚು, ಬಾಗಿಲಿನ ಗೆರೆ ಮೇಲೆ ಪೇಂಟ್ ತೆಳ್ಳಗಿರತ್ತೆ, ಅಲ್ಲಿ ಸವರಿ ಬಿಡಿ, ತಿಕ್ಕಬೇಡಿ.