ಬ್ರೇಕ್ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಬೋಲ್ಟಿನ ಮೂಲೆ ಸವೆದು ಸ್ಪ್ಯಾನರ್ ಜಾರುತ್ತಿದೆ, ಯಾವ ಎಕ್ಸ್‌ಟ್ರಾಕ್ಟರ್ ಸೆಟ್ (ಕೆಟ್ಟ ಬೋಲ್ಟು ತೆಗೆಯುವ ಸಾಧನ) ತಗೊಳ್ಳಲಿ?

ಯಾವುದನ್ನೂ ತಗೋಬೇಡಿ. ನಿಮ್ಮ ಬ್ರೇಕ್ ಕ್ಯಾಲಿಪರ್ ಬೋಲ್ಟಿನ ಕಥೆ ಓದುತ್ತಿದ್ದ ಹಾಗೆ ನನ್ನ ಹಳೇ ಮಾರುತಿ 800 ಕಣ್ಣ ಮುಂದೆ ಬಂತು.

ನಮ್ಮ ಮನೆ ಸುರತ್ಕಲ್‌ನಲ್ಲಿ. ಸಮುದ್ರ ಹತ್ತಿರ, ಗಾಳಿಯಲ್ಲೇ ಉಪ್ಪು. ಗೇಟಿನ ಚಿಲಕ ಎರಡು ಮಳೆಗಾಲ ತಡೆಯುವುದಿಲ್ಲ, ಇನ್ನು ಕಾರಿನ ಬೋಲ್ಟಿನ ಗತಿ ಕೇಳಬೇಡಿ. ಒಂದು ಸಲ ಚಾರ್ಮಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿತು. ಎಂಜಿನ್ ತಂಪು ಮಾಡುವ ನೀರಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ಕೆಟ್ಟಿತ್ತು. ಅದರ ಮುಚ್ಚಳಕ್ಕೆ ಇರುವುದು ಎರಡೇ ಬೋಲ್ಟು, ಅರ್ಧ ಗಂಟೆ ಕೆಲಸ ಅಂದುಕೊಂಡು ಮನೆಯಲ್ಲೇ ಬಿಚ್ಚಲು ಕೂತೆ. ಒಂದು ಸಲೀಸಾಗಿ ಬಂತು. ಇನ್ನೊಂದರ ಸುತ್ತ ಸುಣ್ಣದಂಥ ಬಿಳಿ ಪುಡಿ ಕಟ್ಟಿಕೊಂಡಿತ್ತು. ಬೋಲ್ಟು ಉಕ್ಕಿನದು, ಕೂತಿರುವುದು ಅಲ್ಯೂಮಿನಿಯಂನಲ್ಲಿ. ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆದು ಆ ಪುಡಿ ಆಗುತ್ತದೆ. ಅದೇ ಥ್ರೆಡ್ಡಿನೊಳಗೆ ಗಟ್ಟಿಯಾಗಿ ಬೋಲ್ಟನ್ನು ಹಿಡಿದುಬಿಡುತ್ತದೆ.

ರಿಂಗ್ ಸ್ಪ್ಯಾನರ್ ಹಾಕಿ ಎಳೆದೆ, ಮೂಲೆ ಸವೆಯಿತು. ಕಚ್ಚಿ ಹಿಡಿಯುವ ಇಕ್ಕಳ, ವೈಸ್ ಗ್ರಿಪ್ ಹಾಕಿದೆ, ತಲೆಯೇ ಮುರಿದು ಕೈಗೆ ಬಂತು. ಇಷ್ಟಾದರೂ ಕೆಲಸ ಪೂರ್ತಿ ಕೆಟ್ಟಿರಲಿಲ್ಲ. ಮುಚ್ಚಳ ತೆಗೆದ ಮೇಲೆ ಬೋಲ್ಟಿನ ತುಂಡು ಕಾಲಿಂಚು ಹೊರಗೇ ಇತ್ತು.

ಆಗ ಎಕ್ಸ್‌ಟ್ರಾಕ್ಟರ್ ಸೆಟ್ ತಂದೆ. ನನಗೆ ದುಬಾರಿಯಾದ ತಪ್ಪು ಇದೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಎಕ್ಸ್‌ಟ್ರಾಕ್ಟರ್ ಕೂರಿಸಬೇಕಾದರೆ, ನಾನು ತಂದ ಥರದ್ದಕ್ಕೆ, ಬೋಲ್ಟಿನ ನಡುವೆ ತೂತು ಕೊರೆಯಬೇಕು. ಅಂದಮೇಲೆ ಅದು ಬೋಲ್ಟಿಗಿಂತ ಸಣ್ಣದು. ದಪ್ಪ ಬೋಲ್ಟೇ ತಡೆಯದೆ ಮುರಿದ ಜಾಗದಲ್ಲಿ ಅದಕ್ಕಿಂತ ಸಣ್ಣದೊಂದು ತಡೆಯಬೇಕು ಅಂದರೆ ಹೇಗೆ? ಜೊತೆಗೆ ಅದರ ತುದಿ ಚೂಪು, ಬುಡ ದಪ್ಪ. ತಿರುಗಿಸಿದಷ್ಟೂ ಬೆಣೆ ಹೊಡೆದ ಹಾಗೆ ಒಳಗೆ ಹೋಗುತ್ತದೆ, ಬೋಲ್ಟು ಹೊರಕ್ಕೆ ಹಿಗ್ಗಿ ತೂತಿನ ಗೋಡೆಗೆ ಇನ್ನೂ ಬಿಗಿಯಾಗುತ್ತದೆ. ಬಿಚ್ಚಲು ಹೊರಟವನು ಬಿಗಿ ಮಾಡುತ್ತಿದ್ದೆ. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ಅದು ತುಂಬಾ ಗಡಸು ಉಕ್ಕು. ಬಾಗುವುದಿಲ್ಲ, ಒಮ್ಮೆಗೇ ಮುರಿಯುತ್ತದೆ. ನನ್ನದು ಟಕ್ ಅಂತ ಮುರಿಯಿತು. ಬಗ್ಗಿ ನೋಡಿದರೆ ಬೋಲ್ಟಿನ ನಡುವೆ ಶೇಂಗಾ ಬೀಜದ ಅರ್ಧದಷ್ಟು ಹೊಳೆಯುವ ಚುಕ್ಕೆ. ಡ್ರಿಲ್ ಇಟ್ಟರೆ ಬಿಟ್ಟಿನ ತುದಿಯೇ ಸುಟ್ಟು ನೀಲಿಯಾಯಿತು, ಆ ಚುಕ್ಕೆಗೆ ಗೀರೂ ಬೀಳಲಿಲ್ಲ. ಡ್ರಿಲ್ ಬಿಟ್ ಪಕ್ಕಕ್ಕೆ ಜಾರಿ ಮೆತ್ತಗಿನ ಅಲ್ಯೂಮಿನಿಯಂ ಅನ್ನೇ ಕೊರೆಯಿತು.

ಕೊನೆಗೆ ಆ ಬೋಲ್ಟು ಕೂತಿದ್ದ ಅಲ್ಯೂಮಿನಿಯಂ ಭಾಗ, ಅಂದರೆ ಮ್ಯಾನಿಫೋಲ್ಡ್ ಪೂರ್ತಿ ಬಿಚ್ಚಿ ಬೈಕಂಪಾಡಿಯ ಒಂದು ಲೇತ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಕಾರ್ಬೈಡ್ ಬಿಟ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ಕೊರೆದು, ತೂತು ದೊಡ್ಡದು ಮಾಡಿ, ಒಳಗೆ ಹೆಲಿಕಾಯಿಲ್ ಸುರುಳಿ ಕೂರಿಸಿ ಹೊಸ ಥ್ರೆಡ್ ಮಾಡಿಕೊಟ್ಟರು. ಕಾರು ಒಂಬತ್ತು ದಿನ ಮಳೆಯಲ್ಲಿ ನಿಂತಿತ್ತು. ಲೇತಿನವರು ಹೇಳಿದ್ದು ಇವತ್ತಿಗೂ ನೆನಪಿದೆ: "ಅಲ್ಲ ಮಾರಾಯ್ರೇ, ಇದನ್ನು ಹಾಕುವ ಮೊದಲು ತರ್ಬಾರ್ದಿತ್ತಾ? ತುಂಡಿನ ಮೇಲೆ ಒಂದು ನಟ್ ವೆಲ್ಡ್ ಮಾಡಿ ಐದು ನಿಮಿಷದಲ್ಲಿ ತೆಗೆದು ಕೊಡ್ತಿದ್ದೆ."

ನಿಮ್ಮ ಬೋಲ್ಟಿಗೆ ಇನ್ನೂ ತಲೆ ಇದೆ, ಅಲ್ವಾ? ಹಾಗಾದರೆ ನೀವು ನನಗಿಂತ ತುಂಬಾ ಮುಂದಿದ್ದೀರಿ. ಮೊದಲು ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿ. ತುಕ್ಕು ಬಿಡಿಸುವುದಕ್ಕೆಂದೇ ಸಿಗುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಡಬ್ಲ್ಯುಡಿ-40 ಸಾಕು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ಮೂಲತಃ ತೇವ ಓಡಿಸಲು ಮಾಡಿದ್ದು. ಯಾವ ಎಣ್ಣೆಯಾದರೂ ಸರಿ, ಡಿಸ್ಕಿಗೂ ಪ್ಯಾಡಿಗೂ ಒಂದು ಹನಿ ತಾಗಬಾರದು, ಬ್ರೇಕ್ ಹಿಡಿಯುವುದಿಲ್ಲ. ಬಟ್ಟೆ ಮುಚ್ಚಿ ಹಾಕಿ. ಬೆಳಿಗ್ಗೆ ತಲೆಗೆ ಸುತ್ತಿಗೆಯಿಂದ ನೇರವಾಗಿ ನಾಲ್ಕು ಪೆಟ್ಟು ಕೊಡಿ.

ನಂತರ ಆರು ಮೂಲೆಯ ಸಾಕೆಟ್ ತಗೊಳ್ಳಿ. ಹನ್ನೆರಡು ಮೂಲೆಯದು ಬೋಲ್ಟಿನ ಮೂಲೆಗಳ ತುದಿಯನ್ನಷ್ಟೇ ಹಿಡಿಯುತ್ತದೆ, ಬಹುಶಃ ನಿಮ್ಮ ಬೋಲ್ಟು ಸವೆದದ್ದೂ ಅದರಿಂದಲೇ. ಒಂದು ನಂಬರ್ ಚಿಕ್ಕದನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿ. ಬಿಚ್ಚುವ ಮೊದಲು ಒಂದು ಕೂದಲಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ, ತುಕ್ಕಿನ ಹಿಡಿತ ಅಲ್ಲೇ ಬಿಡಬಹುದು. ಒಂದು ಸಲ ಜಾರಿದರೂ ಅಲ್ಲಿಗೇ ನಿಲ್ಲಿಸಿ. ಹಿಡಿಗೆ ಉದ್ದ ಪೈಪ್ ಹಾಕಿ ಎಳೆಯಬೇಡಿ.

ಹಾಗೆ ಜಾರಿದರೆ ವೆಲ್ಡಿಂಗ್ ಬಲ್ಲ ಮೆಕ್ಯಾನಿಕ್ ಹತ್ತಿರ ಹೋಗಿ ನಟ್ ವೆಲ್ಡ್ ಮಾಡಿಸಿ. ಹಿಡಿಯಲು ಹೊಸ ತಲೆ ಸಿಗುತ್ತದೆ, ಆ ಬಿಸಿಗೆ ತುಕ್ಕಿನ ಹಿಡಿತವೂ ಸಡಿಲವಾಗುತ್ತದೆ. ಬ್ಯಾಟರಿಯ ನೆಗೆಟಿವ್ ವಯರ್ ತೆಗೆಸಿ. ಪಕ್ಕದಲ್ಲೇ ಬ್ರೇಕಿನ ರಬ್ಬರ್ ಹೋಸ್ ಇರುತ್ತದೆ, ಅದಕ್ಕೆ ಕಿಡಿ ತಾಗದ ಹಾಗೆ ನೋಡಿಕೊಳ್ಳಲಿ. ತೆಗೆದ ಬೋಲ್ಟನ್ನು ಮತ್ತೆ ಹಾಕಬೇಡಿ, ಬ್ರೇಕಿನದು, ಹೊಸದೇ ಬೇಕು.

ತಲೆ ಎಷ್ಟು ಉಳಿದಿದೆ ಅಂತ ಹತ್ತಿರದಿಂದ ಒಂದು ಫೋಟೋ ಹಾಕಿ. ಅಲ್ಲಿಯವರೆಗೆ ಆ ಸೆಟ್ ಆರ್ಡರ್ ಮಾಡಬೇಡಿ.